ಪೈಲಟ್ ಪ್ಲಗ್ ಯಾರ ಹೊಣೆ?

ದೊಡ್ಡ ವ್ಯಾಪಾರಿ ಹಡಗಿನ ಬ್ರಿಜ್ಜಿನಲ್ಲಿ, ಹಡಗು ನಡೆಸುವವರು ನಿಲ್ಲುವ ಜಾಗದ ಹತ್ತಿರ, ಒಂದು ಗುಂಡನೆಯ ಸಾಕೆಟ್ ಇರುತ್ತದೆ. ಅದರಲ್ಲಿ ಒಂಬತ್ತು ಪಿನ್ನುಗಳು, ಕೆಲಸಕ್ಕೆ ಬರುವವು ಐದೇ. ಇದನ್ನು ಪೈಲಟ್ ಪ್ಲಗ್ ಎನ್ನುತ್ತಾರೆ. ಹಡಗಿನ ಸ್ವಯಂಚಾಲಿತ ಗುರುತು ವ್ಯವಸ್ಥೆ, ನಾವಿಕರ ಬಾಯಲ್ಲಿ ಎಐಎಸ್, ಹೊರಗಿನವರ ಸಾಧನದೊಡನೆ ಮಾತಾಡುವುದು ಇಲ್ಲಿಂದ. ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಹಡಗು ಹತ್ತಿ, ಕ್ಯಾಪ್ಟನ್ ಜೊತೆ ವಿವರ ವಿನಿಮಯ ಮಾಡಿಕೊಂಡು, ತಮ್ಮ ಚೀಲದಿಂದ ಟ್ಯಾಬ್ಲೆಟ್ಟನ್ನೋ ಲ್ಯಾಪ್‌ಟಾಪನ್ನೋ ತೆಗೆದು ಇದಕ್ಕೆ ಜೋಡಿಸುತ್ತಾರೆ. ಅಲ್ಲಿಂದ ಮುಂದೆ ಹಡಗು ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೋ ಅದು ಅವರ ತೆರೆಯ ಮೇಲೆ ಮೂಡುತ್ತದೆ. ಅದನ್ನು ನೋಡಿಕೊಂಡು ಅವರು ಲಕ್ಷ ಟನ್ನಿನ ಹಡಗನ್ನು ಇಕ್ಕಟ್ಟಿನ ನೀರಿನಲ್ಲಿ ತಿರುಗಿಸುತ್ತಾರೆ.

ನನ್ನ ವಾದ ಇದು. ಈ ಸಾಕೆಟ್ಟಿನಿಂದ ಹೊರಬರುವ ಪ್ರತಿಯೊಂದು ವಿವರಕ್ಕೂ ಹಡಗು ಉತ್ತರಿಸಬೇಕು. ಅದೇ ಸಾಕೆಟ್ಟಿನ ಮೂಲಕ ಒಳಗೆ ಹೋಗುವ ದಾರಿಯನ್ನು ಮುಚ್ಚಬೇಕು. ಇಂದಿನ ನಿಯಮಗಳು ಮೊದಲನೆಯದನ್ನು ಅರ್ಧಕ್ಕೇ ಬಿಟ್ಟಿವೆ, ಎರಡನೆಯದರಲ್ಲಿ ಇದಕ್ಕೆ ಉಲ್ಟಾ ಹೋಗಿವೆ. ಹೊರಗಿನ ಸಾಧನವನ್ನು ಎಐಎಸ್‌ಗೆ ಜೋಡಿಸುವುದನ್ನು ಎಲೆಕ್ಟ್ರಿಷಿಯನ್ನನ ಸಣ್ಣ ಕೆಲಸವೆಂದು ನೋಡುವ ರೂಢಿ ಇದೆ. ಅದು ನೌಕಾಯಾನದ ಸುರಕ್ಷತೆಯ ಪ್ರಶ್ನೆ ಎಂದು ಒಪ್ಪಿಕೊಂಡರೆ ಮಾತ್ರ ಈ ಎರಡೂ ಸರಿಹೋಗುತ್ತವೆ.

ಎಐಎಸ್ ಹುಟ್ಟಿದ್ದು ಗುರುತಿನ ಕೊರತೆಯಿಂದ. ರಾಡಾರ್ ತೆರೆಯಲ್ಲಿ ಚುಕ್ಕೆ ಕಾಣುತ್ತದೆ, ಅದು ಯಾವ ಹಡಗೆಂದು ರಾಡಾರ್ ಹೇಳುವುದಿಲ್ಲ. ಹೆಸರು ತಿಳಿಯದ ಹಡಗನ್ನು ರೇಡಿಯೊದಲ್ಲಿ ಕರೆದರೆ ಇನ್ಯಾವುದೋ ಹಡಗು ಓಗೊಡುವ ಅಪಾಯ ಇದ್ದೇ ಇತ್ತು. 1989ರ ಮಾರ್ಚಿನಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಬಂಡೆಗೆ ಬಡಿದು ತೈಲ ಚೆಲ್ಲಿದ ಮೇಲೆ, ಆ ಕೊಲ್ಲಿಯ ಟ್ಯಾಂಕರುಗಳು ತಮ್ಮ ಸ್ಥಾನವನ್ನು ತಾವೇ ರೇಡಿಯೊದಲ್ಲಿ ತಿಳಿಸುವ ಏರ್ಪಾಡು ಬಂತು. ಮುಂದೆ ಸ್ವೀಡನ್ನಿನಲ್ಲಿ ರೂಪುಗೊಂಡ ಕಾಲ ಹಂಚಿಕೆಯ ತಂತ್ರ ಜಗತ್ತಿನ ಮಾದರಿಯಾಯಿತು. ಎರಡು ವಿಎಚ್‌ಎಫ್ ಚಾನೆಲ್‌ಗಳು, 161.975 ಮತ್ತು 162.025 ಮೆಗಾಹರ್ಟ್ಸ್; ಒಂದೊಂದರಲ್ಲೂ ನಿಮಿಷಕ್ಕೆ 2250 ತುಣುಕು ಹೊತ್ತು. ಪ್ರತಿ ಹಡಗೂ ತನ್ನ ತುಣುಕನ್ನು ತಾನೇ ಆರಿಸಿಕೊಂಡು, ಮುಂದೆ ಯಾವ ತುಣುಕಿನಲ್ಲಿ ಮಾತಾಡುತ್ತೇನೆ ಎಂಬುದನ್ನೂ ಸಾರುತ್ತದೆ. ಸಾಗುತ್ತಿರುವ ದೊಡ್ಡ ಹಡಗು ವೇಗಕ್ಕೆ ತಕ್ಕಂತೆ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ತನ್ನ ಸುದ್ದಿ ಹೇಳುತ್ತದೆ. ಕಡಲಲ್ಲಿ ಜೀವ ಸುರಕ್ಷತೆಯ ಸೋಲಾಸ್ ಒಪ್ಪಂದದ ಐದನೆಯ ಅಧ್ಯಾಯದ ಪ್ರಕಾರ 2002ರ ಜುಲೈ 1ರಿಂದ ಇದು ಕಡ್ಡಾಯವಾಗತೊಡಗಿತು. ಅಮೆರಿಕದ ಮೇಲಿನ 2001ರ ದಾಳಿಯ ನಂತರ ಗಡುವನ್ನು ಹಿಂದಕ್ಕೆ ಎಳೆದು, 2004ರ ಕೊನೆಗೆ ಅಂತಾರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನಿನ ಮೇಲಿನ ಹಡಗುಗಳೆಲ್ಲ ಅಳವಡಿಸಿಕೊಳ್ಳಬೇಕೆಂದು ಮಾಡಲಾಯಿತು.

ಇಷ್ಟನ್ನು ಹೇಳಿದ್ದು ಒಂದು ವಿಷಯಕ್ಕಾಗಿ. ಎಐಎಸ್ ಪೆಟ್ಟಿಗೆಗೆ ತಾನಾಗಿ ಗೊತ್ತಿರುವುದು ಬಹಳ ಕಡಿಮೆ. ಸ್ಥಾನ ಬರುವುದು ಹಡಗಿನ ಜಿಪಿಎಸ್‌ನಿಂದ. ಪೆಟ್ಟಿಗೆಯೊಳಗೆ ತನ್ನದೇ ಒಂದು ಉಪಗ್ರಹ ರಿಸೀವರ್ ಇರುತ್ತದೆ, ಆದರೆ ಅದು ಮುಖ್ಯವಾಗಿ ಹೊತ್ತು ನೋಡಿಕೊಳ್ಳಲು ಮತ್ತು ಆಪತ್ಕಾಲಕ್ಕೆ. ಹಡಗಿನ ಮುಖ ಎತ್ತ ಇದೆ ಎಂಬುದು, ಅಂದರೆ ಹೆಡಿಂಗ್, ಗೈರೊ ದಿಕ್ಸೂಚಿಯಿಂದ ಬರುತ್ತದೆ. ತಿರುಗುವ ವೇಗಕ್ಕೆ ಇನ್ನೊಂದು ಉಪಕರಣ. ಹೆಸರು, ಗುರುತಿನ ಸಂಖ್ಯೆ, ಉದ್ದಗಲ, ಆಂಟೆನಾ ಎಲ್ಲಿದೆ ಎಂಬ ಅಳತೆ, ಇವನ್ನೆಲ್ಲ ಅಳವಡಿಸಿದ ದಿನ ಯಾರೋ ಬೆರಳಿನಿಂದ ಒತ್ತಿ ತುಂಬಿರುತ್ತಾರೆ. ಎಲ್ಲಿಗೆ ಪಯಣ, ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂಬುದನ್ನು ಪ್ರತಿ ಯಾನದಲ್ಲೂ ಅಧಿಕಾರಿ ತುಂಬಬೇಕು. ಎಐಎಸ್ ಇವೆಲ್ಲವನ್ನೂ ಕೂಡಿಸಿ ದಾಟಿಸುತ್ತದೆ, ಅಷ್ಟೆ. ಅದಕ್ಕೆ ನಮ್ಮ ಸಾಧನವನ್ನು ಜೋಡಿಸಿದಾಗ ಅದರ ಹಿಂದಿರುವ ಅಷ್ಟೂ ಉಪಕರಣಗಳ, ಅಷ್ಟೂ ಬೆರಳುಗಳ ಸರಿತಪ್ಪುಗಳನ್ನು ನಾವು ಒಟ್ಟಿಗೆ ಬರಮಾಡಿಕೊಳ್ಳುತ್ತೇವೆ.

ಒಂದು ಉದಾಹರಣೆಯ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಪೈಲಟ್ ಪ್ಲಗ್ಗಿನಿಂದ ಹೊರಬರುವ ಸಂದೇಶಗಳಲ್ಲಿ ಎರಡು ಬಗೆ. ಬೇರೆ ಹಡಗುಗಳಿಂದ ಕೇಳಿಸಿಕೊಂಡದ್ದು ವಿಡಿಎಂ ಎಂಬ ತಲೆಬರಹದಲ್ಲಿ ಬರುತ್ತದೆ, ತನ್ನ ಹಡಗಿನ ಬಗ್ಗೆ ತಾನೇ ಹೇಳುವುದು ವಿಡಿಒ ಎಂಬ ತಲೆಬರಹದಲ್ಲಿ. ಪೈಲಟ್‌ಗೆ ಎರಡನೆಯದು ಪ್ರಾಣ. ಆದರೆ ಈ ವಿಡಿಒ ಸಂದೇಶವನ್ನು ರೂಪಿಸಿದ್ದು ರೇಡಿಯೊ ತುಣುಕಿನ 256 ಬಿಟ್‌ಗಳಲ್ಲಿ ಹಿಡಿಯಿಸಲು, ಹಾಗಾಗಿ ಅದರಲ್ಲಿ ಹೆಡಿಂಗ್ ಇರುವುದು ಪೂರ್ಣ ಡಿಗ್ರಿಗಳಲ್ಲಿ, ದಶಾಂಶ ಇಲ್ಲ. ನಿಜವಾದ ಕೋನಕ್ಕೂ ಹೇಳಿದ ಕೋನಕ್ಕೂ ಅರ್ಧ ಡಿಗ್ರಿಯವರೆಗೆ ವ್ಯತ್ಯಾಸ ಇರಬಹುದು. ಆಂಟೆನಾ ಹಿಂಭಾಗದಲ್ಲಿದ್ದು ಮುಂತುದಿ ಅಲ್ಲಿಂದ 250 ಮೀಟರ್ ದೂರ ಇದ್ದರೆ, ಅರ್ಧ ಡಿಗ್ರಿಯೆಂದರೆ ಮುಂತುದಿಯಲ್ಲಿ ಎರಡು ಮೀಟರಿಗೂ ಹೆಚ್ಚು. ಪನಾಮಾ ಕಾಲುವೆಯ ಹೊಸ ಲಾಕುಗಳ ಅಗಲ 55 ಮೀಟರ್; ಅವುಗಳಲ್ಲಿ 51.25 ಮೀಟರ್ ಅಗಲದ ಹಡಗಿಗೆ ಅವಕಾಶ ಇದೆ. ಎರಡೂ ಬದಿಗೆ ಸಮನಾಗಿ ಹಂಚಿದರೆ ಸಿಗುವ ತೆರಪು ಎರಡು ಮೀಟರಿಗೂ ಕಡಿಮೆ. ಅಂದರೆ ಎಲ್ಲವೂ ಸರಿಯಾಗಿ ಜೋಡಣೆಯಾಗಿ, ಯಾರೂ ಎಲ್ಲೂ ತಪ್ಪು ಮಾಡದಿದ್ದಾಗಲೂ, ಸಂದೇಶದ ರಚನೆಯಲ್ಲಿರುವ ಸವಕಲೇ ಆ ತೆರಪನ್ನು ನುಂಗಿಹಾಕುತ್ತದೆ. ಇಂಥ ಕಡೆ ಪೈಲಟ್‌ಗಳು ತಮ್ಮದೇ ನಿಖರ ಆಂಟೆನಾಗಳನ್ನು ಹೊತ್ತು ಬರುವುದು ಇದಕ್ಕಾಗಿ.

ಇದು ಏನೂ ಕೆಡದಿದ್ದಾಗಿನ ಲೆಕ್ಕ. ಕೆಡುವುದು ಹೇಗೆ ಎಂಬುದನ್ನು ನೋಡಲು ತಂತಿಗೆ ಬರಬೇಕು.

ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2003ರಲ್ಲಿ ಹೊರಡಿಸಿದ ಅಳವಡಿಕೆ ಮಾರ್ಗಸೂಚಿಯಲ್ಲಿ ಪೈಲಟ್ ಪ್ಲಗ್ಗಿನ ಪಿನ್ನುಗಳನ್ನು ಹೆಸರಿಸಿದೆ. ಒಂದು ಮತ್ತು ನಾಲ್ಕನೆಯವು ಹಡಗು ಹೇಳುವ ಜೋಡಿ. ಐದು ಮತ್ತು ಆರನೆಯವು ಹಡಗು ಕೇಳುವ ಜೋಡಿ. ಒಂಬತ್ತನೆಯದು ಕವಚ. ಒಂದು ಜೋಡಿಯ ಎ, ಬಿ ಎಂಬ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಸಂಕೇತ. ಎ ತಂತಿಯ ಜಾಗದಲ್ಲಿ ಬಿ ಹಾಕಿದರೆ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ, ತೆರೆಯ ಮೇಲೆ ಕಸ ಬೀಳುತ್ತದೆ. ಹೇಳುವ ಜೋಡಿಯನ್ನು ಕೇಳುವ ಜೋಡಿಯ ಪಿನ್ನಿಗೆ ಹಾಕಿದರೆ ಕಸವೂ ಇಲ್ಲ, ಬರೀ ಮೌನ. ವೇಗ ಸೆಕೆಂಡಿಗೆ 38,400 ಬಿಟ್ ಇರಬೇಕು. ಹಳೆಯ ಜಿಪಿಎಸ್ ರೂಢಿಯ 4,800ಕ್ಕೆ ಸಾಧನವನ್ನು ಹೊಂದಿಸಿಕೊಂಡವರಿಗೆ ಮತ್ತೆ ಕಸವೇ ಸಿಗುತ್ತದೆ. ಈ ತಪ್ಪುಗಳು ಎಷ್ಟು ಸಾಮಾನ್ಯವೆಂದರೆ, ಪೈಲಟ್‌ಗಳಿಗಾಗಿ ಅಡಾಪ್ಟರ್ ತಯಾರಿಸುವವರು ತಂತಿ ತಿರುವುಮುರುವಾಗಿದ್ದರೆ ತಾನೇ ಕಂಡುಹಿಡಿದು ಸರಿಪಡಿಸಿಕೊಳ್ಳುವ ಸರ್ಕಿಟ್ಟನ್ನು ಅದರೊಳಗೇ ಇಡುತ್ತಾರೆ. ಜಾಣ ಪರಿಹಾರ, ನಿಜ. ಆದರೆ ಇದರಿಂದ ತಪ್ಪು ವೈರಿಂಗಿನ ಹಡಗು ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಅದೇ ತಪ್ಪನ್ನು ಹೊತ್ತು ತಿರುಗುತ್ತಲೇ ಇರುತ್ತದೆ. ದೂರು ಬರೆಯುವ ಕಾರಣವೇ ಯಾರಿಗೂ ಉಳಿಯುವುದಿಲ್ಲ.

ಒಂದು ಹೇಳುವ ಜೋಡಿಗೆ ಹಲವು ಕೇಳುವ ಸಾಧನಗಳನ್ನು ಕಟ್ಟಬಹುದು. ಎರಡು ಹೇಳುವ ಸಾಧನಗಳನ್ನು ಒಂದೇ ಜೋಡಿಗೆ ಕಟ್ಟಬಾರದು. ಹೀಗೆ ಬರೆದರೆ ಸರಳವಾಗಿ ಕಾಣುತ್ತದೆ. ಬ್ರಿಜ್ಜಿನಲ್ಲಿ ಹದಿನೈದು ವರ್ಷಗಳಲ್ಲಿ ಒಂದೊಂದಾಗಿ ಸೇರಿಕೊಂಡ ಉಪಕರಣಗಳ ನಡುವೆ, ಜಂಕ್ಷನ್ ಪೆಟ್ಟಿಗೆಯ ಮುಚ್ಚಳ ತೆರೆದಾಗ ಕಾಣುವ ತಂತಿಗಳ ಗೋಜಲಿನಲ್ಲಿ ಇದು ಸರಳವಲ್ಲ. ಯಾನದ ದಾಖಲೆ ಇಡುವ ಪೆಟ್ಟಿಗೆಗೆ ಎಐಎಸ್ ಬೇಕು. ರಾಡಾರಿಗೆ ಬೇಕು, ಎಲೆಕ್ಟ್ರಾನಿಕ್ ನಕ್ಷೆಗೆ ಬೇಕು. ಹೊಸದಾಗಿ ಬಂದವರು ಹತ್ತಿರ ಸಿಕ್ಕ ಟರ್ಮಿನಲ್ಲಿನಿಂದ ಎಳೆದುಕೊಳ್ಳುತ್ತಾರೆ. ಪೈಲಟ್ ಪ್ಲಗ್ಗಿನ ತಂತಿ ಅನೇಕ ಸಲ ಆ ಹತ್ತಿರದ ಟರ್ಮಿನಲ್.

ಇದರ ಜೊತೆಗೆ ನೆಲತಂತಿಯ ಸಮಸ್ಯೆ. ಕೇಳುವ ಸಾಧನದ ಒಳಬಾಗಿಲಲ್ಲಿ ಬೆಳಕಿನ ಮೂಲಕ ಸಂಕೇತ ದಾಟಿಸುವ ಪ್ರತ್ಯೇಕತೆ ಇರಬೇಕು ಎಂದು ನೌಕಾ ಉಪಕರಣಗಳ ಮಾನದಂಡ ಹೇಳುತ್ತದೆ. ಎರಡು ಸಾಧನಗಳ ನೆಲ ಒಂದೇ ಮಟ್ಟದಲ್ಲಿಲ್ಲದಿದ್ದರೆ ತಂತಿಯಲ್ಲಿ ಬೇಡದ ಕರೆಂಟು ಹರಿಯುವುದನ್ನು ಅದು ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಪರಿವರ್ತಕಕ್ಕೆ ಆ ಮಾನದಂಡದ ಕಟ್ಟುಪಾಡಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದಾಗ ಸುಮ್ಮನಿದ್ದದ್ದು ಚಾರ್ಜರ್ ಚುಚ್ಚಿದ ಕೂಡಲೇ ಗದ್ದಲ ಎಬ್ಬಿಸಬಹುದು. ಪನಾಮಾ ಮತ್ತು ಸೇಂಟ್ ಲಾರೆನ್ಸ್ ಜಲಮಾರ್ಗಗಳಲ್ಲಿ ಪೈಲಟ್ ಪ್ಲಗ್ಗಿನ ಪಕ್ಕದಲ್ಲೇ 120 ವೋಲ್ಟ್ ವಿದ್ಯುತ್ತಿನ ಸಾಕೆಟ್ ಕೂಡ ಇರಬೇಕೆಂದು ಕೇಳುತ್ತಾರೆ. ವಿದ್ಯುತ್ತನ್ನೂ ದತ್ತಾಂಶವನ್ನೂ ಒಟ್ಟಿಗೆ ಯೋಚಿಸಬೇಕೆಂಬ ಅನುಭವ ಅದರ ಹಿಂದಿದೆ. ಉಳಿದ ಕಡೆಯೂ ಅದನ್ನು ಒಪ್ಪಿಕೊಳ್ಳಬಹುದಿತ್ತು.

ತಂತಿಯ ವಿಚಾರಕ್ಕೆ ಇಷ್ಟು ಮಹತ್ವ ಬೇಕೇ ಎಂದು ಕೇಳುವವರಿಗೆ ಎಐಎಸ್‌ಗೆ ಸಂಬಂಧಪಡದ ಒಂದು ಘಟನೆ ನೆನಪಿಸುತ್ತೇನೆ. 2024ರ ಮಾರ್ಚ್ 26ರಂದು ಡಾಲಿ ಎಂಬ ಹಡಗು ವಿದ್ಯುತ್ ಕಳೆದುಕೊಂಡು ಬಾಲ್ಟಿಮೋರ್‌ನ ಸೇತುವೆಗೆ ಬಡಿಯಿತು. ಸೇತುವೆ ಕುಸಿದು ಅದರ ಮೇಲೆ ರಿಪೇರಿ ಕೆಲಸ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಅಮೆರಿಕದ ತನಿಖಾ ಮಂಡಳಿ ಕೊನೆಗೆ ತಲುಪಿದ್ದು ಒಂದು ಸಡಿಲ ತಂತಿಗೆ. ತಂತಿಗೆ ಸುತ್ತಿದ ಹೆಸರಿನ ಪಟ್ಟಿ ಇರಬೇಕಾದ ಜಾಗದಲ್ಲಿ ಇರದೆ, ತಂತಿ ಟರ್ಮಿನಲ್ಲಿನೊಳಗೆ ಪೂರ್ತಿ ಕೂರದಂತೆ ತಡೆದಿತ್ತು. ಆ ತಂತಿಯನ್ನು ಕೂರಿಸಿದವರಿಗೆ ಅದು ದಿನದ ನೂರು ತಂತಿಗಳಲ್ಲಿ ಒಂದಾಗಿದ್ದಿರಬೇಕು.

ಪ್ಲಗ್ಗಿನಿಂದ ಮೌನ ಅಥವಾ ಕಸ ಬಂದರೆ ಪೈಲಟ್ ಎಚ್ಚರಗೊಳ್ಳುತ್ತಾರೆ, ಆ ಮಟ್ಟಿಗೆ ಒಳ್ಳೆಯದು. ಅಚ್ಚುಕಟ್ಟಾಗಿ ಹೊರಬರುವ ತಪ್ಪು ಇದಕ್ಕಿಂತ ಹೆಚ್ಚು ಅಪಾಯದ್ದು. 300 ಮೀಟರ್ ಉದ್ದದ ಹಡಗಿನಲ್ಲಿ ಆಂಟೆನಾ ಮುಂತುದಿಯಿಂದ 250 ಮೀಟರ್, ಹಿಂತುದಿಯಿಂದ 50 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅಳವಡಿಸಿದ ದಿನ ಈ ಎರಡು ಅಂಕಿಗಳನ್ನು ಅದಲುಬದಲು ತುಂಬಿದರೆ, ಪೈಲಟ್‌ನ ತೆರೆಯಲ್ಲಿ ಹಡಗಿನ ಚಿತ್ರ ನಿಜವಾದ ಜಾಗಕ್ಕಿಂತ 200 ಮೀಟರ್ ಹಿಂದೆ ಮೂಡುತ್ತದೆ. ರೇಖೆ ಸೊಗಸಾಗಿದೆ, ಹೆಸರು ಸರಿಯಾಗಿದೆ, ವೇಗ ಸರಿಯಾಗಿದೆ. ಮುಂತುದಿ ಮಾತ್ರ ಅಲ್ಲಿಲ್ಲ. ಗೈರೊವಿನಿಂದ ಎಐಎಸ್‌ಗೆ ಬರುವ ಪರಿವರ್ತಕವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಅದರ ಎಣಿಕೆ ತಪ್ಪಿ, ಹೆಡಿಂಗ್ ಹಲವು ಡಿಗ್ರಿ ಅತ್ತಿತ್ತ ಸರಿದು ಹಾಗೇ ಉಳಿಯುವುದೂ ಉಂಟು. ಬ್ರಿಜ್ಜಿನ ಗೈರೊ ಸರಿಯಾದ ಅಂಕಿ ತೋರಿಸುತ್ತಿರುತ್ತದೆ. ಆದ್ದರಿಂದ ಹಡಗಿನವರಿಗೆ ಯಾವ ಅನುಮಾನವೂ ಬರುವುದಿಲ್ಲ. ತಪ್ಪು ಕಾಣುವುದು ಹೊರಗಿನವರಿಗೆ ಮಾತ್ರ.

ಎಐಎಸ್‌ಗೆ ವಾರ್ಷಿಕ ಪರೀಕ್ಷೆ ಕಡ್ಡಾಯವಾಗಿದೆ. ರೇಡಿಯೊ ಪರೀಕ್ಷಕರು ಬಂದು ತರಂಗಾಂತರ, ಪ್ರಸಾರದ ಶಕ್ತಿ, ತುಂಬಿದ ವಿವರ ನೋಡುತ್ತಾರೆ. ಪೈಲಟ್ ಪ್ಲಗ್ ನಿಂತು ನಡೆಸುವ ಜಾಗದ ಹತ್ತಿರ ಇದೆಯೇ ಎಂದೂ ನಮೂನೆ ಕೇಳುತ್ತದೆ. ಇದೆ ಎಂದು ಬರೆದರೆ ಪ್ಲಗ್ಗಿನ ಇರವು ಸಾಬೀತಾಯಿತು. ಅದು ಹೇಳುವುದರ ಸತ್ಯ ಸಾಬೀತಾಗಲಿಲ್ಲ. ಸಂತೆಯ ತಕ್ಕಡಿಯ ಬಟ್ಟಿಗೆ ಇಲಾಖೆಯ ಮುದ್ರೆ ಬಿದ್ದಿದ್ದರೆ ಸಾಲದು, ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣು ಅಂಟಿದೆಯೇ ಎಂದೂ ನೋಡಬೇಕಾಗುತ್ತದೆ. ಹಡಗು ಲಂಗರು ಹಾಕಿ ನಿಂತಾಗ, ಯಾವ ತಿರುವೂ ಇಲ್ಲದಾಗ, ಪರೀಕ್ಷಕರು ಕೊಟ್ಟ ಒಂದು ಪ್ರಮಾಣಪತ್ರವನ್ನು ಮುಂದಿನ ಒಂದು ವರ್ಷ ಪ್ರತಿ ಬಂದರಿನ ಪೈಲಟ್ ನಂಬಬೇಕೆನ್ನುವುದು ಸರಿಯಲ್ಲ.

ಇನ್ನು ಒಳಗೆ ಹೋಗುವ ದಾರಿ. ಐದು ಮತ್ತು ಆರನೆಯ ಪಿನ್ನುಗಳ ಮೂಲಕ ಹೊರಗಿನ ಸಾಧನ ಎಐಎಸ್‌ಗೆ ಆಜ್ಞೆ ಕಳಿಸಬಹುದು. ಯಾನದ ವಿವರ ಬದಲಿಸುವ ಸಂದೇಶ ಇದೆ: ಸೇರಬೇಕಾದ ಬಂದರು, ಮುಳುಗಿದ ಆಳ, ಹಡಗು ಸಾಗುತ್ತಿದೆಯೇ ನಿಂತಿದೆಯೇ ಎಂಬ ಸ್ಥಿತಿ. ಸ್ಥಿರ ವಿವರ ಬದಲಿಸುವ ಸಂದೇಶವೂ ಇದೆ, ಅದರಲ್ಲಿ ಆಂಟೆನಾದ ಅಳತೆಗಳೂ ಸೇರುತ್ತವೆ. ಹಡಗಿನ ಹೆಸರಿನಲ್ಲಿ ಬೇರೆ ಹಡಗುಗಳಿಗೆ ಸುರಕ್ಷತಾ ಸಂದೇಶ ಪ್ರಸಾರ ಮಾಡಲೂ ಬರುತ್ತದೆ. ಹೊಸ ಸಾಧನಗಳಲ್ಲಿ ಗುರುತಿನ ಸಂಖ್ಯೆಯಂಥ ಕೆಲವನ್ನು ಪಾಸ್‌ವರ್ಡ್ ಕಾಯುತ್ತದೆ. ಉಳಿದದ್ದಕ್ಕೆ ಪ್ಲಗ್ ಚುಚ್ಚಿದ್ದೇ ಅರ್ಹತೆ.

ಇದನ್ನು ರೂಪಿಸಿದವರ ಉದ್ದೇಶ ಒಳ್ಳೆಯದೇ. ಪೈಲಟ್ ತಮ್ಮ ತೆರೆಯಿಂದಲೇ ಬಂದರಿನ ಸಂಚಾರ ನಿಯಂತ್ರಣ ಕೇಂದ್ರಕ್ಕೆ ಸಂದೇಶ ಕಳಿಸಬಹುದು, ಹಡಗಿನವರು ಮರೆತ ವಿವರವನ್ನು ಸರಿಪಡಿಸಬಹುದು ಎಂದು ಅವರು ಯೋಚಿಸಿದ್ದರು. ಆದರೆ ಆ ಕಾಲದಲ್ಲಿ ಪ್ಲಗ್ಗಿಗೆ ಜೋಡಿಸುತ್ತಿದ್ದದ್ದು ಒಂದೇ ಕೆಲಸಕ್ಕೆ ಮೀಸಲಾದ ಯಂತ್ರ. ಈಗ ಜೋಡಿಸುವುದು ಇಮೇಲ್ ನೋಡುವ, ಇಂಟರ್ನೆಟ್ಟಿಗೆ ತೆರೆದುಕೊಂಡ, ಹತ್ತು ಬೇರೆ ತಂತ್ರಾಂಶಗಳಿರುವ ಟ್ಯಾಬ್ಲೆಟ್. ಕೇಡು ಮಾಡಬೇಕೆಂಬ ಬುದ್ಧಿ ಯಾರಿಗೂ ಇರಬೇಕಿಲ್ಲ. ತಂತ್ರಾಂಶವೊಂದರ ದೋಷದಿಂದ ತಪ್ಪು ಸಾಲೊಂದು ಒಳಗೆ ಹೋದರೂ ಅದು ಹಡಗಿನ ಅಧಿಕೃತ ಹೇಳಿಕೆಯಾಗಿ ಎಂಟು ದಿಕ್ಕಿಗೆ ಹೋಗುತ್ತದೆ.

ರೇಡಿಯೊ ಬದಿಯಲ್ಲಿ ಎಐಎಸ್‌ಗೆ ಸಹಿ ಇಲ್ಲ, ಬೀಗ ಇಲ್ಲ. ಯಾರು ಕಳಿಸಿದರು ಎಂದು ಪರಿಶೀಲಿಸುವ ಉಪಾಯವೇ ಅದರಲ್ಲಿಲ್ಲ. 2013ರಲ್ಲಿ ಟ್ರೆಂಡ್ ಮೈಕ್ರೊ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ಇಲ್ಲದ ಹಡಗುಗಳನ್ನು ಸೃಷ್ಟಿಸಿ ತೋರಿಸಿದರು. 2021ರ ಜೂನಿನಲ್ಲಿ ಬ್ರಿಟನ್ನಿನ ಡಿಫೆಂಡರ್ ಮತ್ತು ನೆದರ್ಲೆಂಡ್ಸಿನ ಎವರ್ಟ್ಸೆನ್ ಯುದ್ಧನೌಕೆಗಳು ಒಡೆಸ್ಸಾ ಬಂದರಿನಲ್ಲಿ ಕಟ್ಟಿಕೊಂಡಿದ್ದಾಗ, ಎಐಎಸ್ ನಕ್ಷೆಗಳಲ್ಲಿ ಅವು ರಷ್ಯಾದ ನೌಕಾನೆಲೆಯಿರುವ ಸೆವಸ್ತೊಪೋಲಿನ ಬಾಗಿಲಿಗೆ ಹೋಗುತ್ತಿರುವಂತೆ ಕಂಡವು. ಬಂದರಿನ ನೇರ ಕ್ಯಾಮೆರಾಗಳಲ್ಲಿ ಹಡಗುಗಳು ಕಟ್ಟಿದ ಜಾಗದಲ್ಲೇ ಇದ್ದವು. ಯುದ್ಧಕ್ಕೆ ನೆಪ ಹುಡುಕುವವರ ಕೈಯಲ್ಲಿ ಇಂಥ ಸುಳ್ಳು ಎಷ್ಟು ದೂರ ಹೋಗಬಹುದು ಎಂದು ಯೋಚಿಸಿದರೆ ಮೈ ನಡುಗುತ್ತದೆ. ಗಾಳಿಯಲ್ಲಿ ಹರಡುವ ಈ ಸುಳ್ಳನ್ನು ತಡೆಯಲು ಜಗತ್ತಿನ ಅಷ್ಟೂ ಹಡಗುಗಳ ಸಾಧನ ಬದಲಾಗಬೇಕು. ಅದಕ್ಕೆ ದಶಕಗಳು ಬೇಕಾದಾವು. ತಂತಿಯ ಮೂಲಕ ಒಳಬರುವುದನ್ನು ತಡೆಯಲು ಎರಡು ಪಿನ್ನಿನ ತಂತಿ ಬಿಚ್ಚಿದರೆ ಸಾಕು. ನಮ್ಮ ಕೈಯಲ್ಲಿರುವ ಸುಲಭದ ಪರಿಹಾರವನ್ನು ಕಷ್ಟದ ಪರಿಹಾರ ಸಿಕ್ಕಿಲ್ಲವೆಂಬ ಕಾರಣಕ್ಕೆ ಮುಂದೂಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇದಕ್ಕೆ ನಿಯಮಗಳ ಮಟ್ಟದಲ್ಲಿ ಜಾಗವೂ ಇದೆ. ಸೈಬರ್ ಅಪಾಯವನ್ನು ಹಡಗಿನ ಸುರಕ್ಷತಾ ನಿರ್ವಹಣೆಯಲ್ಲಿ ಸೇರಿಸಬೇಕೆಂದು ಐಎಂಒ 2017ರಲ್ಲಿ ನಿರ್ಣಯಿಸಿ, 2021ರಿಂದ ಕಂಪನಿಗಳ ತಪಾಸಣೆಯಲ್ಲಿ ಅದನ್ನು ನೋಡಲು ಹೇಳಿತು. 2024ರ ಜುಲೈ 1ರ ನಂತರ ಕಟ್ಟಲು ಒಪ್ಪಂದವಾದ ಹಡಗುಗಳಿಗೆ ವರ್ಗೀಕರಣ ಸಂಸ್ಥೆಗಳ ಒಕ್ಕೂಟ ಇನ್ನೂ ಬಿಗಿಯಾದ ಅಗತ್ಯಗಳನ್ನು ತಂದಿದೆ. ಆದರೆ ಜಗತ್ತಿನ ಪೈಲಟ್‌ಗಳು ಮುಂದಿನ ಇಪ್ಪತ್ತು ವರ್ಷ ಹತ್ತಲಿರುವುದು ಬಹುಪಾಲು ಅದಕ್ಕೂ ಹಿಂದಿನ ಹಡಗುಗಳನ್ನೇ. ಹೊಸ ಹಡಗಿನ ನಿಯಮ ಹಳೆಯ ಹಡಗಿನ ಸಾಕೆಟ್ಟನ್ನು ಮುಟ್ಟುವುದಿಲ್ಲ.

ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಒಳದಾರಿ ಮುಚ್ಚಿದರೆ ಪೈಲಟ್ ಕೈಯಿಂದ ಒಂದು ಉಪಯುಕ್ತ ಶಕ್ತಿಯನ್ನು ಕಿತ್ತುಕೊಂಡಂತಾಗುವುದಿಲ್ಲವೇ? ತುರ್ತು ಹೊತ್ತಿನಲ್ಲಿ ಸಂದೇಶ ಕಳಿಸಬೇಕಾದರೆ? ಆ ಹೊತ್ತಿನಲ್ಲಿ ಪೈಲಟ್‌ನ ಕೈಯಲ್ಲಿ ವಿಎಚ್‌ಎಫ್ ರೇಡಿಯೊ ಇರುತ್ತದೆ, ಬಾಯಿಮಾತು ಟೈಪ್ ಮಾಡಿದ ಸಂದೇಶಕ್ಕಿಂತ ಬೇಗ ತಲುಪುತ್ತದೆ. ಹಡಗಿನ ವಿವರ ತಪ್ಪಿದ್ದರೆ ಪಕ್ಕದಲ್ಲೇ ಅಧಿಕಾರಿ ಇದ್ದಾರೆ. ಅವರು ತಮ್ಮ ಕೀಬೋರ್ಡಿನಲ್ಲಿ ತಿದ್ದುವುದೇ ಸರಿ, ಏಕೆಂದರೆ ಹಡಗಿನ ಹೇಳಿಕೆಗೆ ಹಡಗು ಉತ್ತರಿಸಬೇಕು. ಪೈಲಟ್ ಬ್ರಿಜ್ಜಿನ ಮೇಲಿದ್ದರೂ ಕ್ಯಾಪ್ಟನ್‌ನ ಹೊಣೆ ಇಳಿಯುವುದಿಲ್ಲ ಎಂಬುದು ಹಳೆಯ ತತ್ವ. ಆ ತತ್ವಕ್ಕೆ ಎಐಎಸ್ ತಂತಿ ಹೊರತಾಗಬಾರದು.

ಹೊರಬರುವ ಮಾಹಿತಿಯ ಬಗ್ಗೆಯೂ ಅಂಜುವವರಿದ್ದಾರೆ. ಹಡಗುಗಳ ಎಐಎಸ್ ವಿವರ ಇಂಟರ್ನೆಟ್ಟಿನಲ್ಲಿ ಪ್ರಕಟವಾಗುವುದು ಸುರಕ್ಷತೆಗೆ ಧಕ್ಕೆ ಎಂದು ಐಎಂಒದ ಸಮಿತಿ 2004ರ ಡಿಸೆಂಬರಿನಲ್ಲೇ ಹೇಳಿತ್ತು. ಕಡಲ್ಗಳ್ಳರ ನೀರಿನಲ್ಲಿ ಆ ಭಯ ನ್ಯಾಯವಾದದ್ದೇ. ಆದರೆ ಪೈಲಟ್ ಪ್ಲಗ್ಗಿನಿಂದ ಬರುವ ಹಡಗಿನ ವಿವರ ಆಗಲೇ ರೇಡಿಯೊದಲ್ಲಿ ಸುತ್ತ ಹತ್ತಾರು ಮೈಲಿಗೆ ಹೋಗಿರುತ್ತದೆ. ಚಿಕ್ಕ ರಿಸೀವರ್ ಇರುವ ಯಾರಾದರೂ ಅದನ್ನು ಕೇಳಬಹುದು. ತಂತಿಯನ್ನು ಮುಚ್ಚಿ ಕಾಪಾಡುವ ಗುಟ್ಟು ಅಲ್ಲಿಲ್ಲ. ಆದ್ದರಿಂದ ಹೊರಹರಿವನ್ನು ಬಿಚ್ಚುಕೈಯಿಂದ ಕೊಡಬೇಕು. ಪೈಲಟ್‌ಗೆ, ಹಡಗಿನ ಬೇರೆ ಉಪಕರಣಗಳಿಗೆ, ಸಣ್ಣ ದೋಣಿಯವರಾದರೆ ಓಪನ್‌ಸಿಪಿಎನ್‌ನಂಥ ಉಚಿತ ನಕ್ಷೆಯ ತಂತ್ರಾಂಶ ಓಡಿಸುವ ಅವರ ಹಳೆಯ ಲ್ಯಾಪ್‌ಟಾಪಿಗೆ, ಎಲ್ಲದಕ್ಕೂ.

ಪೈಲಟ್‌ಗಳು ತಮ್ಮದೇ ಆಂಟೆನಾ ತರುತ್ತಿರುವಾಗ ಪ್ಲಗ್ ಇನ್ನು ಯಾಕೆ ಬೇಕು ಎಂಬ ಪ್ರಶ್ನೆಯೂ ಉಂಟು. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಈಚಿನ ವರ್ಷಗಳ ಸಮುದ್ರದಲ್ಲೇ ಇದೆ. ಕಪ್ಪು ಸಮುದ್ರದಲ್ಲಿ, 2025ರ ಜೂನಿನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ, ಉಪಗ್ರಹ ಸಂಕೇತಗಳಿಗೆ ಅಡ್ಡಿಪಡಿಸಿದಾಗ ನೂರಾರು ಹಡಗುಗಳ ಸ್ಥಾನ ತಪ್ಪಾಗಿ ಮೂಡಿತು. ಪೈಲಟ್ ತಂದ ಆಂಟೆನಾವೂ ಆಕಾಶವನ್ನೇ ನಂಬಿದೆ, ಹಡಗಿನ ಜಿಪಿಎಸ್ ಕೂಡ ಆಕಾಶವನ್ನೇ ನಂಬಿದೆ. ಒಂದು ಕೆಟ್ಟಾಗ ಇನ್ನೊಂದೂ ಕೆಡುತ್ತದೆ. ಗೈರೊ ಹಾಗಲ್ಲ. ಅದು ಭೂಮಿಯ ತಿರುಗುವಿಕೆಯಿಂದ ಉತ್ತರವನ್ನು ಹುಡುಕಿಕೊಳ್ಳುತ್ತದೆ, ಯಾವ ಉಪಗ್ರಹವನ್ನೂ ಕೇಳುವುದಿಲ್ಲ. ಆ ಗೈರೊವಿನ ಮಾತು ಪೈಲಟ್‌ನ ತೆರೆಗೆ ತಲುಪುವ ದಾರಿ ಇದೇ ಸಾಕೆಟ್. ಪೂರ್ಣ ಡಿಗ್ರಿಗೆ ಸವೆದು ಬಂದರೂ ಅದು ಸ್ವತಂತ್ರ ಸಾಕ್ಷಿ. ಜೊತೆಗೆ ಹಡಗಿನ ಎತ್ತರದ ಕಂಬದಲ್ಲಿರುವ ಆಂಟೆನಾ ಕೇಳಿಸಿಕೊಳ್ಳುವಷ್ಟು ದೂರದ ಹಡಗುಗಳನ್ನು ಚೀಲದಲ್ಲಿ ತಂದ ಪುಟ್ಟ ರಿಸೀವರ್ ಕೇಳಿಸಿಕೊಳ್ಳಲಾರದು.

ವೈರ್‌ಲೆಸ್ ಪ್ಲಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪೈಲಟ್ ತಮ್ಮದೇ ಅಡಾಪ್ಟರನ್ನು ಚುಚ್ಚಿ, ತಮ್ಮದೇ ಪಾಸ್‌ವರ್ಡಿನಿಂದ ವೈಫೈ ನಡೆಸಿದರೆ ಒಪ್ಪಬಹುದು; ಬ್ರಿಜ್ಜಿನ ರೆಕ್ಕೆಗೆ ಹೋಗಿ ನಿಂತು ಗೋಡೆಗೆ ಎಷ್ಟು ಹತ್ತಿರ ಬಂದೆವು ಎಂದು ಬಗ್ಗಿ ನೋಡುವವರಿಗೆ ತಂತಿ ತೊಡಕು. ಹಡಗಿನಲ್ಲೇ ಕಾಯಂ ಕೂರಿಸಿದ, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದ ವೈಫೈ ಪೆಟ್ಟಿಗೆ ಒಳದಾರಿಯೊಡನೆ ಸೇರಿದರೆ, ದಡದಲ್ಲಿ ಕೂತವರಿಗೂ ಹಡಗಿನ ಹೆಸರಿನಲ್ಲಿ ಮಾತಾಡುವ ಹಕ್ಕು ಕೊಟ್ಟಂತೆ.

ಇದು ಪನಾಮಾದ, ಬಾಲ್ಟಿಮೋರಿನ ಕಥೆಯಷ್ಟೇ ಅಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಆ ಮನೆಗಳವರು ಕಾದ ಕಾಯುವಿಕೆಯನ್ನು ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಯಾರೂ ಮರೆತಿಲ್ಲ. ಈಗ ಇಸ್ರೋ ಉಪಗ್ರಹದ ಮೂಲಕ ಮಾತಾಡುವ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಕೂರಿಸುವ ಕೇಂದ್ರದ ಯೋಜನೆ 2024ರಿಂದ ನಡೆಯುತ್ತಿದೆ. ಅದು ಎಐಎಸ್ ಅಲ್ಲ, ಆದರೆ ಮೀನುಗಾರರ ಮೊಬೈಲನ್ನು ಬ್ಲೂಟೂತಿನಿಂದ ಅದಕ್ಕೆ ಜೋಡಿಸುವ ವ್ಯವಸ್ಥೆ ಇದೆ. ಹಾಗಾಗಿ ಪ್ರಶ್ನೆ ಅದೇ: ದೋಣಿಯ ಹೆಸರಿನಲ್ಲಿ ಸಂಕಟದ ಕರೆ ಕಳಿಸುವ ಅಧಿಕಾರ ಯಾರ ಮೊಬೈಲಿಗೆ, ಎಷ್ಟು ಮೊಬೈಲಿಗೆ, ಜೋಡಣೆ ತಪ್ಪಿದಾಗ ದೋಣಿಯವರಿಗೆ ತಿಳಿಯುವುದು ಹೇಗೆ? ಇಲ್ಲಿ ಒಳದಾರಿ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಮುಳುಗುತ್ತಿರುವವರು ಕಳಿಸುವ ಸಂದೇಶವೇ ಆ ಸಾಧನದ ಉದ್ದೇಶ. ಆದರೆ ಜೋಡಣೆಯನ್ನು ಜೆಟ್ಟಿಯಲ್ಲೇ ಪರೀಕ್ಷಿಸಿ ತೋರಿಸುವ ಹೊಣೆ ಕೂರಿಸಿದವರ ಮೇಲಿರಬೇಕು.

ದೊಡ್ಡ ಹಡಗಿನಲ್ಲಿ ಆ ಹೊಣೆ ಹೊರಬಲ್ಲವರು ಇದ್ದಾರೆ. ನಾವಿಕರ ತರಬೇತಿಯ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಬಂದ 2010ರ ಮನಿಲಾ ತಿದ್ದುಪಡಿಗಳ ನಂತರ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಎಂಬ ಹುದ್ದೆಗೆ ಅಂತಾರಾಷ್ಟ್ರೀಯ ಅರ್ಹತೆ ನಿಗದಿಯಾಗಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದು ಈ ದಾರಿ ಹಿಡಿಯುವ ಹುಡುಗ ಹುಡುಗಿಯರಿಗೆ ಇದು ಗೌರವದ ಕೆಲಸ. ಪೈಲಟ್ ಪ್ಲಗ್ ಅವರ ಹೆಸರಿನಲ್ಲಿ ಇರಲಿ. ಜಂಕ್ಷನ್ ಪೆಟ್ಟಿಗೆಯಿಂದ ಸಾಕೆಟ್ಟಿನವರೆಗೆ ಬೇರಾವ ಸಾಧನವೂ ಹಂಚಿಕೊಳ್ಳದ ಪ್ರತ್ಯೇಕ ತಂತಿ ಇರಲಿ. ಐದು ಮತ್ತು ಆರನೆಯ ಪಿನ್ನಿನ ಜೋಡಿಯನ್ನು ಟರ್ಮಿನಲ್ಲಿನಲ್ಲಿ ಬಿಚ್ಚಿ, ಕಟ್ಟಿ, ಬರೆದಿಡಲಿ. ಮಾನದಂಡ ಇದಕ್ಕೆ ಅಡ್ಡ ಬರುವುದಾದರೆ ಮಾನದಂಡ ಬದಲಾಗಬೇಕು. ಅಲ್ಲಿಯವರೆಗೆ ಧ್ವಜರಾಷ್ಟ್ರಗಳು, ಅದರಲ್ಲೂ ಇಷ್ಟು ನಾವಿಕರನ್ನು ಕಡಲಿಗೆ ಕಳಿಸುವ ಭಾರತ, ಐಎಂಒದಲ್ಲಿ ಈ ಪ್ರಶ್ನೆ ಎತ್ತಬೇಕು.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಹಡಗು ಬೆರ್ತಿಗೆ ಒರಗಿ ಕಟ್ಟಿಕೊಂಡಾಗ ಅದರ ಮುಖ ಯಾವ ದಿಕ್ಕಿಗಿದೆ ಎಂಬುದು ನಕ್ಷೆಯಿಂದಲೇ ತಿಳಿಯುತ್ತದೆ, ಏಕೆಂದರೆ ಬೆರ್ತಿನ ಗೋಡೆ ಅಲುಗುವುದಿಲ್ಲ. ಪ್ಲಗ್ಗಿಗೆ ಲ್ಯಾಪ್‌ಟಾಪ್ ಜೋಡಿಸಿ, ಹೊರಬರುವ ಹೆಡಿಂಗನ್ನು ಗೋಡೆಯ ದಿಕ್ಕಿನೊಡನೆ ಹೋಲಿಸಿದರೆ ಗೈರೊವಿನಿಂದ ಸಾಕೆಟ್ಟಿನವರೆಗಿನ ಇಡೀ ಸರಪಳಿ ಪರೀಕ್ಷೆಯಾಗುತ್ತದೆ. ತೆರೆಯ ಮೇಲೆ ಮೂಡಿದ ಹಡಗಿನ ಚಿತ್ರ ಗೋಡೆಯೊಳಕ್ಕೆ ನುಗ್ಗಿದ್ದರೆ ಅಥವಾ ಮುಂದಿನ ಬೆರ್ತಿಗೆ ಜಾರಿದ್ದರೆ ಆಂಟೆನಾದ ಅಳತೆ ತಪ್ಪಿದೆ. ಹತ್ತು ನಿಮಿಷದ ಕೆಲಸ, ಪ್ರತಿ ಬಂದರಿನಲ್ಲೂ ಮಾಡಬಹುದಾದದ್ದು. ಹಡಗಿನ ಅಳತೆ, ಎಂಜಿನ್ ವೇಗ, ತಿರುಗುವ ಗುಣ ಬರೆದ ಪೈಲಟ್ ಕಾರ್ಡ್ ಎಂಬ ಹಾಳೆಯನ್ನು ಕ್ಯಾಪ್ಟನ್ ಪೈಲಟ್‌ಗೆ ಕೊಡುವ ಪದ್ಧತಿ ಈಗಲೇ ಇದೆ. ಅದರಲ್ಲಿ ಇನ್ನೊಂದು ಸಾಲು ಸೇರಬೇಕು: ಪೈಲಟ್ ಪ್ಲಗ್ ಕೊನೆಯ ಸಲ ಯಾವ ಬೆರ್ತಿನಲ್ಲಿ, ಯಾವ ದಿನ ಪರೀಕ್ಷೆಯಾಯಿತು, ಗೋಡೆಗೂ ಅದಕ್ಕೂ ಎಷ್ಟು ಡಿಗ್ರಿ ವ್ಯತ್ಯಾಸ ಬಂತು, ಸಹಿ ಯಾರದ್ದು.